ಕೈಗುಣದ ಪರೀಕ್ಷೆ

ಮನುಷ್ಯರಿಗೆ ರೂಪ ಇಲ್ಲದಿದ್ದರೂ ನಡೆಯುತ್ತದೆ, ವಿದ್ಯೆ ಇಲ್ಲದಿದ್ದರೂ ನಡೆಯುತ್ತದೆ, ಕೈಗುಣ ಇಲ್ಲದಿದ್ದರೆ ಮಾತ್ರ ಬಾಳುವೆ ಕಷ್ಟ. ಮೊದಲೆರಡನ್ನು ದೇವರು ನನಗೆ ಕೊಡಲಿಲ್ಲ. ಮೂರನೇ ಇಯತ್ತೆಗೇ ಸಾಲಿ ಬಿಟ್ಟೆ. ರೂಪದ ಮಾತನ್ನು ನಮ್ಮ ಯಜಮಾನರು ಬದುಕಿದ್ದ ತನಕ ಒಮ್ಮೆಯೂ ಎತ್ತಲಿಲ್ಲ, ಅದು ಅವರ ದೊಡ್ಡತನ. ಆದರೆ ಮೂರನೆಯದನ್ನು ನನಗೆ ಬೊಗಸೆ ತುಂಬ ಸುರಿದಿದ್ದಾನೆ ಎಂದು ನಂಬಿದ್ದೆ. ನಾನು ನೆಟ್ಟ ಕರಿಬೇವು ಒಣಗಿದ್ದಿಲ್ಲ. ನಾನು ಹೆಪ್ಪು ಹಾಕಿದ ಮೊಸರನ್ನು ಕುಡುಗೋಲಿನಿಂದ ಕೊಯ್ಯಬೇಕು, ಅಷ್ಟು ಗಟ್ಟಿ. ಅದಕ್ಕೇ ಸೊಸೆ ಪದ್ಮಾ ಮನೆಗೆ ಬಂದು, ಅವಳ ಮಕ್ಕಳು ಸಾಲಿಗೆ ಹೋಗುವಷ್ಟು ದೊಡ್ಡವರಾದರೂ ಹೆಪ್ಪಿನ ಬಟ್ಟಲು ನನ್ನ ಹತ್ತಿರವೇ ಇತ್ತು. ತಿಜೋರಿಯ ಕೀಲಿ ಯಾವತ್ತೋ ಕೊಟ್ಟುಬಿಟ್ಟಿದ್ದೆ. ತಿಜೋರಿಯಲ್ಲಿ ಏನೂ ಇರಲಿಲ್ಲ, ಆ ಮಾತು ಬೇರೆ.

ಈ ನನ್ನ ನಂಬಿಕೆಯನ್ನು ಅಲುಗಾಡಿಸಿದವಳು ಹುಕ್ಕೇರಿ ಕಡೆಯ ಒಬ್ಬ ಹುಡುಗಿ, ಸುನಂದಾ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಗೋಕಾಕದಲ್ಲಿ ಖೋಲಿ ಹಿಡಿದಿದ್ದ ಅವಳು, ಅರಭಾವಿಯ ತನಕ ಕಾಲೇಜು ಹುಡುಗರ ನಡುವೆ ಬಸ್ಸಿನಲ್ಲಿ ನಿಂತು, ಮೂಡಲಗಿ ದಾಟಿ ನಮ್ಮೂರಿಗೆ ಬರುತ್ತಿದ್ದಳು. ಚೀಲದಲ್ಲಿ ಸಣ್ಣ ಸಣ್ಣ ಬಾಟಲಿಗಳು. ಕುಡಿಯುವ ನೀರಿನ ಕೊಡಕ್ಕೆ ಕೆಲವು ಹನಿ ಹಾಕಬೇಕಂತೆ. ಪುಕ್ಕಟೆ.

ಪುಕ್ಕಟೆ ಎಂದರೆ ನನಗೆ ಮೊದಲಿನಿಂದಲೂ ಸಂಶಯ. ಹಿಂದೆ ಯಾರೋ ಬಂದು ಹೊಗೆ ಬಾರದ ಒಲೆ ಎಂದು ಓಣಿಗೆಲ್ಲ ಹಂಚಿ, ಫೋಟೋ ತೆಗೆಸಿಕೊಂಡು ಹೋಗಿದ್ದರು. ನಮ್ಮ ಮನೆಯ ಒಲೆಯಲ್ಲಿ ಕೋಳಿ ಕಾವಿಗೆ ಕೂತಿತು. ಹೊಗೆ ಬಾರಲಿಲ್ಲ, ಅದು ಖರೆ. ಆ ಒಲೆ ಏನಾಯಿತು, ಅಡುಗೆಯಾಯಿತೋ ಮರಿಯಾದವೋ ಎಂದು ಕೇಳಲು ಒಬ್ಬರೂ ತಿರುಗಿ ಬರಲಿಲ್ಲ. ಅದಕ್ಕೇ ಸುನಂದಾಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ನೇರವಾಗಿ ಕೇಳಿದೆ.

"ಇದನ್ನ ಹಾಕಿದ್ರ ಹುಡುಗೂರ ಜಡ್ಡು ಕಡಿಮಿ ಆಗತೈತೇನವಾ?"

"ನೀರಾಗಿನ ಹುಳ ಸಾಯ್ತಾವು, ಅದು ಗೊತ್ತೈತ್ರಿ ಆಯಿ. ಖರೆ ಮನಿಮನಿಗೆ ಕೊಟ್ರ ಹುಡುಗೂರ ಜಡ್ಡು ಕಡಿಮಿ ಆಗತೈತೋ ಇಲ್ಲೋ, ಗೊತ್ತಿಲ್ರಿ. ಅದನ್ನ ತಿಳ್ಕೊಳ್ಳಾಕಽ ಬಂದೀವಿ."

ನಾನು ಅವಳ ಮುಖವನ್ನೇ ನೋಡಿದೆ. ಈ ವಯಸ್ಸಿನ ತನಕ ನಮ್ಮ ಹೊಸ್ತಿಲಿಗೆ ಎಷ್ಟು ಜನ ಬಂದಿಲ್ಲ! ಸ್ವಾಮಿಗಳು ಬಂದರು, ಡಾಕ್ಟರು ಬಂದರು, ಮತ ಕೇಳುವವರು ಬಂದರು. ಎಲ್ಲರಿಗೂ ಎಲ್ಲ ಗೊತ್ತಿತ್ತು. ನಮ್ಮ ಅತ್ತೆಗಂತೂ ಗೊತ್ತಿಲ್ಲದ್ದೇ ಇರಲಿಲ್ಲ. 'ಗೊತ್ತಿಲ್ಲ' ಎಂದು ಹೇಳಲಿಕ್ಕೆ ಬಸ್ ಚಾರ್ಜು ಕೊಟ್ಟು ಬಂದವಳು ಇವಳೊಬ್ಬಳೇ.

ಚಾವಡಿ ಕಟ್ಟೆಯ ಮೇಲೆ ತಂಬಿಗೆಯಲ್ಲಿ ಚೀಟಿ ಹಾಕಿ ಎತ್ತಿಸಿದಳು. ಕೆಲವು ಮನೆ ಹನಿ ಮನೆ, ಕೆಲವು ಬರೀ ಮನೆ. ನನಗೆ ಹನಿ ಬಂತು, ಎದುರು ಮನೆಯ ಮಲ್ಲವ್ವನಿಗೆ ಬರಲಿಲ್ಲ. "ಇದೇನವಾ, ಒಂದಽ ಪಂಕ್ತ್ಯಾಗ ಒಬ್ಬರಿಗೆ ಹೋಳಿಗಿ, ಒಬ್ಬರಿಗೆ ಬರೇ ತಾಟ?" ಎಂದೆ.

"ಎಲ್ಲಾರಿಗೂ ಹೋಳಿಗಿ ಬಡಿಸಿದ್ರ, ಹೊಟ್ಟಿ ತುಂಬಿದ್ದು ಹೋಳಿಗಿಯಿಂದನೋ ಅನ್ನದಿಂದನೋ ಹೆಂಗ ತಿಳೀಬೇಕ್ರಿ? ಬರೇ ಮನಿಗೆ ಮುಂದಿನ ವರ್ಷ ಕೊಡ್ತೀವಿ."

ಮಾತು ಸರಿ ಅನಿಸಿತು. ಆದರೆ ಮಲ್ಲವ್ವನ ಮೊಮ್ಮಗಳು ಗೌರಿಗೆ ಮೇಲಿಂದ ಮೇಲೆ ಹೊಟ್ಟೆ ಹರಿದು ಭೇದಿಯಾಗುತ್ತಿತ್ತು. ಒಂದು ಮುಂಜಾನೆ ಮಲ್ಲವ್ವ ತುಂಬಿದ ಕೊಡ ಹೊತ್ತು ನಮ್ಮ ಅಂಗಳದಲ್ಲಿ ನಿಂತಳು. "ಯಕ್ಕಾ, ನಿಮ್ಮ ಕೈಲೆ ಎರಡ ಹನಿ ಹಾಕ್ರಿ. ಔಷಧ ಯಾರದರ ಇರಲಿ, ಕೈಗುಣ ನಿಮ್ಮದು."

ಕೈಗುಣ ಎಂದ ಮೇಲೆ ನಾನು ನಾನಾಗಿ ಉಳಿಯುತ್ತೇನೆಯೇ? ಹಾಕಿದೆ. ಮರುದಿನ ಆಚೆ ಮನೆಯವಳು ಬಂದಳು, ಆಮೇಲೆ ಅವಳ ನೆಗೆಣ್ಣಿ ಬಂದಳು. ಕೊನೆಗೆ ನಮ್ಮ ಅಂಗಳದಲ್ಲಿ ನಳದ ಮುಂದಿನ ಹಾಗೆ ಕೊಡಗಳ ಸಾಲು. ನಾನು ತೀರ್ಥ ಕೊಡುವವಳ ಗತ್ತಿನಲ್ಲಿ ಸೆರಗು ಸರಿಮಾಡಿಕೊಂಡು ಹನಿ ಹಾಕುತ್ತಿದ್ದೆ. ಬಾಟಲಿ ಬೇಗ ಬೇಗ ಖಾಲಿಯಾದಾಗ ಸುನಂದಾ, "ಆಯಿ ಭಾಳ ಛಲೋ ಬಳಸಾಕತ್ತಾರ" ಎಂದು ಸಂತೋಷಪಟ್ಟು ಇನ್ನೊಂದು ಕೊಡುತ್ತಿದ್ದಳು. ಪದ್ಮಾ ಒಲೆಯ ಮುಂದೆ ಕೂತು ಸೆರಗಿನಲ್ಲಿ ನಗುತ್ತಿದ್ದಳು.

ಸುನಂದಾ ಆಗಾಗ ಹನಿ ಮನೆ, ಬರೀ ಮನೆ ಎರಡಕ್ಕೂ ಹೋಗಿ ಯಾರಿಗೆ ಜಡ್ಡಾಗಿತ್ತು ಎಂದು ಕೇಳುತ್ತಿದ್ದಳು, ನೀರನ್ನೂ ಪರೀಕ್ಷೆ ಮಾಡುತ್ತಿದ್ದಳು. ಔಷಧ ಹಾಕಿದ ನೀರು ಅವಳ ಗಾಜಿನ ನಳಿಗೆಯಲ್ಲಿ ಹಳದಿಯಾಗಬೇಕು. ಒಂದು ದಿನ ಮಲ್ಲವ್ವನ ಮನೆಯ ನೀರು ಹಳದಿಯಾಯಿತು. ಆಚೆ ಮನೆಯದೂ ಆಯಿತು. ಹುಡುಗಿ ಬಂದು ನಮ್ಮ ಕಟ್ಟೆಯ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರು.

"ನಾನಽ ಹಾಕೀನಿ," ಎಂದೆ. ಮುಚ್ಚಿಡುವ ಅಭ್ಯಾಸ ನನಗಿಲ್ಲ. "ಕೂಸಿಗೆ ಹೊಟ್ಟಿ ಹರಿಯಾಕತ್ತಿತ್ತು. ನೋಡ್ಕೋತ ಕುಂದ್ರಲೇನು?"

"ನೋಡ್ಕೋತ ಕುಂದ್ರಂತ ಯಾರು ಅಂದಾರ್ರಿ? ಗೌರಿಗೆ ಉಪ್ಪು ಸಕ್ಕರಿ ಪುಡಿ ಕೊಟ್ಟು ದವಾಖಾನಿಗೆ ಕರಕೊಂಡ ಹೋದಾಕಿ ನಾನಲ್ಲೇನ್ರಿ? ನೀರು ಕಾಸಿ ಕುಡಸ್ರಿ, ಬ್ಯಾಡ ಅನ್ನಂಗಿಲ್ಲ. ಖರೆ ಎರಡೂ ಕಡೆ ಹನಿ ಬಿದ್ರ, ಎರಡೂ ಕಡೆ ಜಡ್ಡು ಒಂದಽ ಸಮ ಕಾಣತೈತಿ. ಈ ಔಷಧದಿಂದ ಏನೂ ಉಪಯೋಗಿಲ್ಲಂತ ರೊಕ್ಕ ಕೊಡಾವ್ರು ಕೈ ತೊಳ್ಕೋತಾರ. ಆಮ್ಯಾಲ ಬ್ಯಾರೆ ಊರಾಗಿನ ಗೌರಿಗೋಳಿಗೆ ಯಾರ್ರಿ ಕೊಡಾವ್ರು?"

ನನ್ನ ತಪ್ಪು ನನಗೇ ಕಂಡಿತು. ನಮ್ಮ ಮನೆಯಲ್ಲಿ ಇದು ದೀಪಾವಳಿಗಿಂತ ಅಪರೂಪ. ನಾನು ಕಂಡಿದ್ದು ಎದುರು ಮನೆಯ ಒಂದು ಗೌರಿಯನ್ನು. ಈ ಬಡಕಲು ಹುಡುಗಿ, ಬಸ್ಸಿನಲ್ಲಿ ನಿಂತು ಬರುವವಳು, ತಾನು ಎಂದೂ ನೋಡದ ಊರುಗಳ ಗೌರಿಯರನ್ನೆಲ್ಲ ಕಣ್ಣಲ್ಲಿ ಇಟ್ಟುಕೊಂಡು ಅಳುತ್ತಿದ್ದಾಳೆ. ಇನ್ನು ಆ ರೊಕ್ಕ ಕೊಡುವವರು! ಸಮುದ್ರದ ಆಚೆ ಎಲ್ಲೋ ಕೂತವರಂತೆ. ಮೂಡಲಗಿ ಎಂದು ಸರಿಯಾಗಿ ಬಾಯಲ್ಲಿ ಬಾರದವರು, ನಮ್ಮ ಕೊಡದ ನೀರು ಹಳದಿಯೋ ಬಿಳಿಯೋ ಎಂದು ಕೇಳಲಿಕ್ಕೆ ದುಡ್ಡು ಹಾಕಿದ್ದಾರೆ. ದಾನ ಮಾಡಿ ಹೆಸರು ಕೆತ್ತಿಸಿದವರನ್ನು ಕಂಡಿದ್ದೇನೆ. ಕೊಟ್ಟಿದ್ದು ಕೆಲಸಕ್ಕೆ ಬಂತೋ ಇಲ್ಲವೋ ಹೇಳಿರಪ್ಪ, ಬರಲಿಲ್ಲವೆಂದರೆ ಅದನ್ನೂ ಹೇಳಿರಿ ಎನ್ನುವ ದಾನಿಗಳನ್ನು ಕೇಳಿಯೇ ಇರಲಿಲ್ಲ. ಬಸದಿಯಲ್ಲಿ ಎತ್ತರದ ಮೂರ್ತಿಯ ಮುಂದೆ ತಲೆ ಎತ್ತಿ ನಿಂತಾಗ ಆಗುತ್ತದಲ್ಲ, ಹಾಗಾಯಿತು.

ಅವಳ ಸಾಹೇಬರು ಬಂದಾಗ ಎದುರು ನಿಂತು ಹೇಳಿದೆ, "ತಪ್ಪು ಹುಡುಗಿದಲ್ರಿ, ನಂದು. ಬೈಯೂದಿದ್ರ ನನಗ ಬೈರಿ." ಅವರು ಬೈಯಲಿಲ್ಲ. ಇಂಗ್ಲಿಷ್ ಬೆರೆಸಿ ಏನೋ ಹೇಳಿದರು. ಸುನಂದಾಳ ಮುಖ ಅರಳಿತು.

"ಚೀಟಿ ಬಿದ್ದಂಗ ಲೆಕ್ಕ ಅಂತ್ರಿ ಆಯಿ! ಬರೇ ಮನಿ ಅಂತ ಚೀಟಿ ಬಿದ್ದದ್ದು ಬರೇ ಮನಿ. ನೀವು ಹಾಕಿದ್ದನ್ನೂ ಬರಕೊಂಡೀವಿ. ನಿಮ್ಮಂಥಾ ಆಯಿಗೋಳು ಎಲ್ಲಾ ಊರಾಗೂ ಇರತಾರ, ಅವರನ್ನ ಹಿಡದಽ ಲೆಕ್ಕ ಹಾಕಬೇಕಂತ."

ನನ್ನ ಅಧಿಕಪ್ರಸಂಗಿತನಕ್ಕೂ ಲೆಕ್ಕದಲ್ಲಿ ಮೊದಲೇ ಜಾಗ ಇಟ್ಟ ಆ ಬುದ್ಧಿವಂತರಿಗೆ ಕೈಮುಗಿದೆ. ಅಂಗಳದ ತೀರ್ಥ ಬಂದ್ ಆಯಿತು. ಮಲ್ಲವ್ವ ಮುಖ ಊದಿಸಿಕೊಂಡು ನೀರು ಕಾಸಿದಳು. ಇದೇ ಪರೀಕ್ಷೆ ನಡೆದ ಉಳಿದ ಊರುಗಳಲ್ಲಿ ಬರೀ ಮನೆಗಿಂತ ಹನಿ ಮನೆಯಲ್ಲಿ ಜಡ್ಡು ಕಡಿಮೆ ಕಂಡಿತಂತೆ. ಮರುವರ್ಷ ಹೇಳಿದ ಮಾತಿನಂತೆ ಮಲ್ಲವ್ವನಿಗೂ ಬಾಟಲಿ ಬಂತು. ಯಾರ ಕೈಗುಣವೂ ಇಲ್ಲದೆ ಗೌರಿ ಗುಂಡುಗುಂಡಗಾದಳು.

ಅದನ್ನು ನೋಡಿ ಪದ್ಮಾಳಿಗೆ ಧೈರ್ಯ ಬಂತು. ಥಂಡಿ ದಿನಗಳು, ಮೊಸರು ಹೆಪ್ಪುಗಟ್ಟುವುದೇ ಕಷ್ಟ. "ಅತ್ತಿ, ಮಸರಿಗೂ ಒಂದ ಚೀಟಿ ಎತ್ತೂಣೇನ್ರಿ?" ಎಂದಳು. ಒಂದೇ ಹಾಲು, ಒಂದೇ ಅಳತೆಯ ಎರಡು ಗಡಿಗೆ. ಚೀಟಿ ಎತ್ತಿದೆವು. ಒಂದಕ್ಕೆ ನಾನು ಹೆಪ್ಪು ಹಾಕಿದೆ, ಇನ್ನೊಂದಕ್ಕೆ ಅವಳು. ಯಾವುದು ಯಾರದೆಂದು ತಿಳಿಯದ ಮಲ್ಲವ್ವ ಮುಂಜಾನೆ ಬಂದು ತೀರ್ಪು ಹೇಳಬೇಕು.

ಪದ್ಮಾ ಎಮ್ಮೆಗೆ ಮೇವು ಹಾಕಲು ಹೋದಾಗ ನನಗೆ ಮರುಕ ಬಂತು. ಎಷ್ಟಾದರೂ ಸೊಸೆ. ಓಣಿಯವರ ಮುಂದೆ ನೀರು ನೀರು ಮೊಸರು ಇಟ್ಟು ನಿಲ್ಲುವುದು ಬೇಡ ಎಂದು ಅವಳ ಗಡಿಗೆಗೂ ನನ್ನ ಕೈಯಿಂದ ಒಂದು ಸೌಟು ಹೆಪ್ಪು ಹಾಕಿಬಿಟ್ಟೆ.

ಮುಂಜಾನೆ ಮಲ್ಲವ್ವ ಸೌಟು ಅದ್ದಿದಳು. ನನ್ನ ಗಡಿಗೆಯ ಮೊಸರು ನೀರು ನೀರು. ಪದ್ಮಾಳದು ಕಲ್ಲು. "ಇದು ನೋಡವಾ ಕೈಗುಣ ಅಂದ್ರ!" ಎಂದಳು ಮಲ್ಲವ್ವ.

"ಏ, ಅದರಾಗ ನನ್ನ ಹೆಪ್ಪೂ ಐತಿ!" ಎಂದು ಕೂಗಿದೆ.

ಪದ್ಮಾ ಗಡಿಗೆಯನ್ನು ಎದೆಗೆ ಅವಚಿಕೊಂಡು ನಕ್ಕಳು. "ಇರ್ಲಿ ಬಿಡ್ರಿ ಅತ್ತಿ. ಚೀಟಿ ಬಿದ್ದಂಗ ಲೆಕ್ಕ."

ಈಗ ಹೆಪ್ಪಿನ ಬಟ್ಟಲು ಅವಳ ಹತ್ತಿರವೇ ಇದೆ. ಮೊಸರು ಚೆನ್ನಾಗಿಯೇ ಆಗುತ್ತದೆ. ನಾನು ಬೆರಳನ್ನೂ ತಾಗಿಸುವುದಿಲ್ಲ. ತಾಗಿಸಿದರೆ ಅದೂ ಅವಳ ಹೆಸರಿಗೇ ಹೋಗುತ್ತದೆ.