ಪುರಭವನದ ನಲವತ್ತಮೂರು ಮೆಟ್ಟಿಲು

ನಮ್ಮೂರಿನ ಹಳೆಯ ಪುರಭವನಕ್ಕೆ ಯಾವ ಕೆಲಸಕ್ಕೆ ಹೋದವರೂ ನಗದೆ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ. ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲೆ ನನಗೆ ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಶಾಲೆ. ಆಗ ಊರಿನ ನಾಲ್ಕು ಜನ ಬಂದು, "ಮೇಷ್ಟ್ರೇ, ಭವನ ಕೆಡವಬೇಕು ಅಂತಿದ್ದಾರೆ. ಅದರ ಚರಿತ್ರೆ, ಅಳತೆ ಎಲ್ಲಾ ಬರ್ಕೊಡಿ, ಕೋಲಾರದ ಇಂಜಿನಿಯರ್‌ಗೆ ಕಳಿಸೋಣ. ಅವರು ಒಂದ್ಸಲ ಬಂದು ನೋಡಿದ್ರೆ ಉಳಿಯುತ್ತೆ" ಎಂದರು. ಅವರಿಗೆ ಕಟ್ಟಡ ಉಳಿಯಬೇಕಿತ್ತೋ, ನಾನು ಮನೆಯಿಂದ ಹೊರಗೆ ಬರಬೇಕಿತ್ತೋ ತಿಳಿಯದು. ಎರಡಕ್ಕೂ ನಾನು ಋಣಿ.

ಒರಗಿದ ಗೋಡೆ

ಎದುರು ಅಂಗಡಿಯ ಸಾಬರ ಅಜ್ಜ ಈ ಭವನಕ್ಕೆ ಗಾರೆ ಕೆಲಸ ಮಾಡಿದವರು. ಗೋಡೆ ಇಷ್ಟು ನುಣುಪಾಗಿರುವುದು ಹೇಗೆಂದು ಸಾಬರನ್ನು ಕೇಳಿದೆ.

"ಸುಣ್ಣಕ್ಕೆ ಮೊಟ್ಟೆ ಹಾಕಿ ಉಜ್ಜವ್ರೆ ಸಾರ್."

ಆ ಗೋಡೆಗೇ ಒರಗಿ ನಿಂತಿದ್ದ ನಿವೃತ್ತ ಗುಮಾಸ್ತರು ಮೊಟ್ಟೆಯ ಹೆಸರೆತ್ತಿದರೂ ಮೂಗು ಮುಚ್ಚುವವರು. "ಅಯ್ಯೋ ರಾಮ! ಮೂವತ್ತು ವರ್ಷ ಇದಕ್ಕೇ ಒರಗಿ ಹರಿಕಥೆ ಕೇಳಿದೀನಲ್ರೀ!"

ಸಾಬರು ಸಮಾಧಾನ ಹೇಳಿದರು: "ಬೆಲ್ಲಾನೂ ಹಾಕವ್ರೆ ಸ್ವಾಮಿ. ನೀವು ಒರಗಿದ್ದು ಬೆಲ್ಲದ ಕಡೆಗೇ ಅನ್ಕೊಳ್ಳಿ."

ಮಾರ್ದನಿ

ಅಳತೆಗೆ ಒಬ್ಬನೇ ಹೋದೆ. ಎತ್ತರದ ಚಾವಣಿ, ಖಾಲಿ ಸಭಾಂಗಣ. "ಕಮಾನು ಹನ್ನೊಂದು ಅಡಿ" ಎಂದು ನಾನು ಹೇಳಿದರೆ, ಆ ಕಡೆಯಿಂದ "ಅಡಿ" ಎಂದು ಉತ್ತರ. ನನ್ನ ಮಾತಿಗೆ ಉತ್ತರ ಬಂದು ಬಹಳ ದಿನವಾಗಿತ್ತು. ಅಗತ್ಯಕ್ಕಿಂತ ಹೆಚ್ಚೇ ಅಳತೆ ಮಾಡಿದೆ.

ಕಾವಲುಗಾರ ಇಣುಕಿದ. "ಯಾರ ಜೊತೆ ಮಾತಾಡ್ತಿದ್ರಿ ಸಾರ್?"

"ಗೋಡೆ ಜೊತೆ ಕಣಪ್ಪ."

"ಪರವಾಗಿಲ್ಲ ಬಿಡಿ ಸಾರ್. ಇಲ್ಲಿ ಭಾಷಣ ಮಾಡೋರೆಲ್ಲಾ ಹಂಗೇಯ."

ಮೆಟ್ಲು

ಎಲ್ಲ ಬರೆದ ಮೇಲೆ ನೋಡಿದರೆ, ಮುಂಬಾಗಿಲ ಮೆಟ್ಟಿಲು ಎಣಿಸುವುದನ್ನೇ ಮರೆತಿದ್ದೆ. ಟೈಪು ಮಾಡುವ ಹುಡುಗಿಗೆ, "ಕಾವಲುಗಾರನಿಗೆ ಫೋನ್ ಮಾಡಿ ಕೇಳಿ ತುಂಬಿಸಮ್ಮ, ಹಾಗೇ ಕಳಿಸಿಬಿಡು" ಎಂದೆ. ನಾನು ಬರೆದದ್ದನ್ನು ಕೊನೆಯಲ್ಲಿ ಓದಿ ತಿದ್ದುತ್ತಿದ್ದವಳು ನನ್ನ ಹೆಂಡತಿ. ಈ ಸಲ ಯಾರೂ ಓದಲಿಲ್ಲ.

ಹುಡುಗಿಯ ಮನೆಮಾತು ತೆಲುಗು. ಅವಳಿಗೆ ಮೆಟ್ಲು ಎಂದರೆ ಮೆಟ್ಟಿಲು. ಕಾವಲುಗಾರ ಹೋಳೂರು ಎಂಬ ಹಳ್ಳಿಯವನು, ಅವನ ಕಿವಿಗೆ ಅದು ಮೆಟ್ಟು, ಅಂದರೆ ಚಪ್ಪಲಿ. ಆ ಹೊತ್ತಿಗೆ ಒಳಗೆ ಮಹಿಳಾ ಸಂಘದ ಸಭೆ, ಬಂದವರ ಚಪ್ಪಲಿಯೆಲ್ಲ ಬಾಗಿಲ ಹೊರಗೆ.

"ಅಣ್ಣಾ, ಬಾಗ್ಲ ಮುಂದೆ ಎಷ್ಟು ಮೆಟ್ಲವೆ?"

"ತಾಳಮ್ಮ... ನಲವತ್ತಮೂರು."

ಅವಳು ಹಾಗೆಯೇ ಟೈಪು ಮಾಡಿ ಕಳಿಸಿದಳು.

ಊರಿನವರು ಹಿಂದೆ ಹಾಕಿದ್ದ ಮೂರು ಅರ್ಜಿಗೂ ಬಾರದ ಇಂಜಿನಿಯರ್ ಮರುವಾರವೇ ಜೀಪಿನಲ್ಲಿ ಬಂದಿಳಿದರು. "ಒಂದೇ ಅಂತಸ್ತಿನ ಕಟ್ಟಡಕ್ಕೆ ನಲವತ್ತಮೂರು ಮೆಟ್ಟಿಲು! ನೋಡೋಣ ಅಂತ ಬಂದೆ." ಎಣಿಸಿದರು: ಐದು. ನಾನು ತಲೆ ತಗ್ಗಿಸಿದೆ. ಅವರು ಒಳಗೆ ಹೋಗಿ ತೇಗದ ತೊಲೆಗಳನ್ನು ನೋಡಿದರು, ಗೋಡೆ ತಟ್ಟಿದರು. "ಇದನ್ಯಾಕ್ರೀ ಕೆಡವಬೇಕು? ರಿಪೇರಿ ಸಾಕು" ಎಂದು ಅಲ್ಲೇ ಬರೆದು ಸಹಿ ಹಾಕಿದರು. ನನ್ನ ಇಡೀ ವೃತ್ತಿಯಲ್ಲಿ ಒಂದು ತಪ್ಪಿಗೆ ಕೈಮುಗಿದದ್ದು ಅದೇ ಮೊದಲು.

ಲೆಕ್ಕ ಕೊಟ್ಟವನು ಕಾವಲುಗಾರ ಎಂದು ನನ್ನಿಂದ ತಿಳಿದ ಇಂಜಿನಿಯರ್ ಹೊರಡುವಾಗ ಅವನನ್ನು ಕೇಳಿದರು, "ಎಲ್ಲಯ್ಯಾ ನಿನ್ನ ನಲವತ್ತಮೂರು?"

"ಸಭೆ ಅವತ್ತೇ ಮುಗೀತಲ್ಲ ಸಾರ್, ಎಲ್ರೂ ಮೆಟ್ಕೊಂಡು ಹೋದ್ರು. ಒಂಟಿದು ಒಂದೈತೆ, ತರ್ಲಾ?"