ಬದನೆಕಾಯಿ ಬಣ್ಣದ ಖಣ ಮತ್ತು ಭವಿಷ್ಯದ ನೋಟು

ಜಗತ್ತಿನ ನೋಟುಗಳ ಮುಂದಿನ ಕಾಲ ಹೇಗಿರುತ್ತದೆ ಎಂಬ ವಿಷಯದಲ್ಲಿ ಇಡೀ ಕಲಘಟಗಿ ತಾಲೂಕಿಗೆ ನಾನೊಬ್ಬನೇ ತಜ್ಞ ಎಂದು ಹೋದ ಶ್ರಾವಣದವರೆಗೂ ನಂಬಿದ್ದೆ. ಇದಕ್ಕೆ ಎದುರಾಳಿಗಳೂ ಇರಲಿಲ್ಲ. ಕಲಘಟಗಿಯಲ್ಲಿ ಬೇರೆ ಯಾರೂ ಪರದೇಶದ ನೋಟು ಕೂಡಿಡುತ್ತಿರಲಿಲ್ಲ.

ನನ್ನದು ಹಿಟ್ಟಿನ ಗಿರಣಿ. ಗಿರಣಿಗೆ ಊರೆಲ್ಲ ಬರುತ್ತದೆ. ದುಬೈಯಲ್ಲಿ ಗೋಡೆ ಕಟ್ಟಿ ಬಂದವನು, ಹಡಗಿನಲ್ಲಿ ಅಡುಗೆ ಮಾಡಿ ಬಂದವನು, ಯಾತ್ರೆಗೆಂದು ನೇಪಾಳಕ್ಕೆ ಹೋಗಿ ಬಂದ ಅಜ್ಜಿ, ಎಲ್ಲರೂ ಜೋಳದ ಚೀಲದ ಜೊತೆಗೆ ಒಂದು ಉಳಿದ ನೋಟನ್ನೂ ತಂದು ಕೊಡುತ್ತಿದ್ದರು. ಹೀಗೆ ಇಪ್ಪತ್ತೆರಡು ವರ್ಷಗಳಲ್ಲಿ ನಲವತ್ತೊಂದು ದೇಶಗಳು ನನ್ನ ಆಲ್ಬಮ್ಮಿಗೆ ಬಂದು ಸೇರಿದ್ದವು. ಎಲ್ಲವೂ ಕಾಗದದವು, ಮುದ್ದೆಯಾದವು, ಅಷ್ಟಿಷ್ಟು ಹಿಟ್ಟು ಮೆತ್ತಿಕೊಂಡವು.

ಆಮೇಲೆ ಮಗಳು ನನ್ನನ್ನು ಮೊಬೈಲಿನಲ್ಲಿ ನೋಟು ಸಂಗ್ರಾಹಕರ ಒಂದು ಗುಂಪಿಗೆ ಸೇರಿಸಿದಳು. ಅಲ್ಲಿ ನನ್ನ ಕಣ್ಣು ತೆರೆಯಿತು. ಕಾಗದದ ನೋಟಿನ ಕಾಲ ಮುಗಿಯಿತಂತೆ. ಸಂತೆಯಲ್ಲಿ ಕೊತ್ತಂಬರಿ ಮಾರುವವಳೂ ಮೊಬೈಲಿಗೇ ದುಡ್ಡು ಹಾಕಿಸಿಕೊಳ್ಳುವ ದಿನಗಳಲ್ಲಿ ಒಂದೊಂದೇ ದೇಶ ಪ್ಲಾಸ್ಟಿಕ್ ನೋಟಿಗೆ ಹೊರಳುತ್ತಿದೆಯಂತೆ. ಮುಂದೆ ಬೆಲೆ ಅವಕ್ಕೇ. ಸಂಖ್ಯೆ ವಿಶೇಷವಾಗಿದ್ದು, ಯಾರ ಕೈಗೂ ಹೋಗದೆ, ಒಂದು ಮಡಿಕೆಯೂ ಬೀಳದೆ ಇದ್ದರಂತೂ ಕೇಳುವುದೇ ಬೇಡ. "ಮಡಿಕೆ ಬಿದ್ದರೆ ಅದು ಸಂಗ್ರಹವಲ್ಲ, ಬರೀ ದುಡ್ಡು" ಎಂದು ಗುಂಪಿನ ಹಿರಿಯರೊಬ್ಬರು ಬರೆದಿದ್ದರು. ಅದನ್ನು ನಾನು ಗಿರಣಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡೆ. ಓದಿದವರೆಲ್ಲ ಇದು ಸಾಲ ಕೇಳುವವರಿಗೆ ಎಚ್ಚರಿಕೆ ಎಂದುಕೊಂಡರು.

ಒಂದು ದಿನ ಹುಬ್ಬಳ್ಳಿಗೆ ಹೋಗಿ, ಅದೇ ಗುಂಪಿನ ಒಬ್ಬರಿಗೆ ನನ್ನ ಇಡೀ ಆಲ್ಬಮ್ ಕೊಟ್ಟು, ಬದಲಿಗೆ ಒಂದೇ ಒಂದು ನೋಟು ತಂದೆ. ಪಪುವಾ ನ್ಯೂಗಿನಿ ಎಂಬ ದೇಶದ ಪ್ಲಾಸ್ಟಿಕ್ ನೋಟು. ಹಕ್ಕಿಯ ಚಿತ್ರ, ಒಂದು ಮೂಲೆಯಲ್ಲಿ ಆಚೆಯದು ಕಾಣುವ ಪುಟ್ಟ ಕಿಟಕಿ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಸಂಖ್ಯೆ.

ಹೆಂಡತಿ ಗಿರಿಜಾ ಅದನ್ನು ತಿರುಗಿಸಿ ನೋಡಿದಳು. "ನಲವತ್ತೊಂದ ಕೊಟ್ಟು ಒಂದ ತಂದ್ರಿ?"

"ಇದು ಬರೇ ನೋಟಲ್ಲ ಗಿರಿಜಾ. ಭವಿಷ್ಯ."

"ಭವಿಷ್ಯ ಇಷ್ಟ ತೆಳ್ಳಗ ಇರ್ತೈತೇನ್ರಿ?"

ಅಜ್ಞಾನಿಗಳೊಡನೆ ವಾದ ಮಾಡಬಾರದೆಂದು ನೋಟನ್ನು ಅವಳ ಕೈಯಿಂದ ತೆಗೆದುಕೊಂಡೆ. ಅಷ್ಟರಲ್ಲಿ ಗುಂಪಿನವರು, ಪಂಚಮಿ ಕಳೆದ ಮುಂದಿನ ಭಾನುವಾರದ ವಿಡಿಯೊ ಸಭೆಯಲ್ಲಿ ಈ ನೋಟನ್ನು ತೋರಿಸಿ ಹತ್ತು ನಿಮಿಷ ಮಾತಾಡಬೇಕೆಂದು ನನ್ನನ್ನು ಕೇಳಿದರು. ವಿಷಯ, "ಜಾಗತಿಕ ನೋಟು ಸಂಗ್ರಹದ ಮುಂದಿನ ದಾರಿ". ಜೀವನದಲ್ಲಿ ಮೊದಲ ಸಲ ಜನ ನನ್ನಿಂದ ಹಿಟ್ಟಲ್ಲದೆ ಬೇರೇನನ್ನೋ ಕೇಳಿದ್ದರು.

ಅಲ್ಲಿಯವರೆಗೆ ನೋಟನ್ನು ಮಡಿಕೆ ಬೀಳದಂತೆ ಇಡುವುದೆಲ್ಲಿ? ಗಿರಣಿಯಲ್ಲಿ ಹಿಟ್ಟಿನ ಧೂಳು, ಮನೆಯಲ್ಲಿ ಇಲಿ. ಯೋಚಿಸಿ ಯೋಚಿಸಿ ಕೊನೆಗೆ ನನಗೆ ಗಿರಿಜಾಳ ಟ್ರಂಕು ಹೊಳೆಯಿತು. ಅದರಲ್ಲಿ ಉಡಿ ತುಂಬುವಾಗ ಬಂದ ಖಣಗಳ ರಾಶಿ ಇತ್ತು. ಹೊಲಿಯದ ಕುಬಸದ, ಅಂದರೆ ರವಿಕೆಯ, ಬಟ್ಟೆಗಳು. ಪ್ರತಿಯೊಂದನ್ನೂ ಒಂದು ರಟ್ಟಿಗೆ ಸುತ್ತಿ ಮಡಚಿಟ್ಟಿದ್ದು. ಅವುಗಳನ್ನು ಬಿಚ್ಚಿದ್ದನ್ನು ಮದುವೆಯಾದಾಗಿನಿಂದ ನಾನು ಕಂಡಿಲ್ಲ. ತೀರಾ ಕೆಳಗೆ ಬದನೆಕಾಯಿ ಬಣ್ಣದ್ದೊಂದಿತ್ತು. ನೋಟನ್ನು ಅದರ ರಟ್ಟಿಗೂ ಬಟ್ಟೆಗೂ ನಡುವೆ ಜಾರಿಸಿದೆ. ಗುಟ್ಟು ಗುಟ್ಟಾಗಿರಲಿ ಎಂದು ಗಿರಿಜಾಳಿಗೂ ಹೇಳಲಿಲ್ಲ. ಯಾವ ಬ್ಯಾಂಕಿನ ಲಾಕರಿಗೂ ಇಷ್ಟು ಬುದ್ಧಿ ಇಲ್ಲ ಎಂದು ನನಗೆ ನಾನೇ ಶಭಾಶ್ ಅಂದುಕೊಂಡೆ.

ಪಂಚಮಿಗೆ ಕುಬಿಹಾಳದಿಂದ ನನ್ನ ತಂಗಿ ಕಸ್ತೂರಿ ಗಂಡನ ಜೊತೆ ಬಂದಳು. ಉಂಡಿ ತಿಂದು, ಜೋಕಾಲಿ ಆಡಿ, ಮೂರನೆಯ ದಿನ ಹೊರಟಳು. ನಾನು ಪಡಸಾಲೆಯಲ್ಲಿ ಅವಳ ಗಂಡನನ್ನು ಕೂಡಿಸಿಕೊಂಡು ಪ್ಲಾಸ್ಟಿಕ್ ನೋಟಿನ ಮಹಿಮೆ ಹೇಳುತ್ತಿದ್ದೆ. ನೀರಿಗೆ ಅಂಜುವುದಿಲ್ಲ, ಹರಿಯುವುದಿಲ್ಲ, ಕೊಳೆಯುವುದಿಲ್ಲ. ಪಾಪ, ಅವನು ಬಸ್ಸಿನ ಹೊತ್ತು ನೋಡುತ್ತಿದ್ದ. ಒಳಗೆ ಗಿರಿಜಾ ಕಸ್ತೂರಿಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಶಿನದ ಕೊಂಬು, ಒಂದು ಖಣ ಹಾಕಿ ಉಡಿ ತುಂಬುತ್ತಿದ್ದಳು.

ನಾನು ಅಲ್ಲಿಂದಲೇ ಕೂಗಿದೆ. "ಒಂದ ಖಣ ಯಾಕ ಕೊಡ್ತಿ? ತವರಮನಿಂದ ಹೊಂಟಾಳ, ಎರಡ ಕೊಡು."

"ಆತ್ರಿ" ಎಂದಳು ಗಿರಿಜಾ. ಟ್ರಂಕಿನ ಮುಚ್ಚಳ ಮತ್ತೊಮ್ಮೆ ಕಿರುಗುಟ್ಟಿತು. ಕಸ್ತೂರಿ ತುಂಬಿದ ಉಡಿ ಹಿಡಿದು ಹೊರಗೆ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು, ಮನೆ ತುಂಬಿರಲಿ ಎಂದು ಹರಸಿ ಕಳಿಸಿದೆ.

ಬುಧವಾರ ಭಾಷಣದ ತಾಲೀಮಿಗೆಂದು ಟ್ರಂಕು ತೆಗೆದೆ. ತೀರಾ ಕೆಳಗೆ ಕೆಂಪು ಖಣವಿತ್ತು. ಎಲ್ಲವನ್ನೂ ಹೊರಗೆ ಹಾಕಿದೆ. ಬದನೆಕಾಯಿ ಬಣ್ಣದ್ದು ಇರಲಿಲ್ಲ.

"ಗಿರಿಜಾ, ಇಲ್ಲೊಂದು ಬದನಿಕಾಯಿ ಬಣ್ಣದ ಖಣ ಇತ್ತಲ್ಲ?"

"ಕಸ್ತೂರಿಗೆ ಕೊಟ್ಟೆ. ಎರಡ ಕೊಡು ಅಂದವ್ರು ನೀವ."

"ಮ್ಯಾಲಿಂದ ಬಿಟ್ಟು ಕೆಳಗಿಂದ ಯಾಕ ತಗದಿ?"

"ಮ್ಯಾಲಿಂದು ಹೊಲಿಸಾಕ ಇಟ್ಟೀನಿ. ಕೆಳಗಿಂದು ಕೊಡಾಕ ಇಟ್ಟಿದ್ದು." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮಗ್ಯಾಕ್ರಿ ಕುಬಸದ ಚಿಂತಿ?"

ಆಗ ನನಗೆ ತಿಳಿದ ಸತ್ಯ ಭಯಂಕರವಾಗಿತ್ತು. ಖಣಗಳನ್ನು ಯಾರೂ ಬಿಚ್ಚುವುದಿಲ್ಲ, ನಿಜ. ಆದರೆ ಅವು ಒಂದು ಉಡಿಯಿಂದ ಇನ್ನೊಂದು ಉಡಿಗೆ, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತಲೇ ಇರುತ್ತವೆ. ಯಾರ ಕೈಗೂ ಹೋಗಬಾರದ ನೋಟನ್ನು ನಾನು ಜಿಲ್ಲೆಯಲ್ಲೇ ಅತಿ ಹೆಚ್ಚು ತಿರುಗುವ ವಸ್ತುವಿನೊಳಗೆ ಇಟ್ಟಿದ್ದೆ! ಉಡಿಗೆ ಹಾಕಿದ್ದನ್ನು ವಾಪಸ್ ಕೇಳುವ ಹಾಗೂ ಇಲ್ಲ. ಕೇಳಿದರೆ ಅಲ್ಲಿಗೆ ಸಂಬಂಧ ಮುಗಿಯಿತು.

ಮರುದಿನ ಗಿರಣಿಗೆ ಬೀಗ ಹಾಕಿ, ಎರಡು ಬಸ್ಸು ಬದಲಿಸಿ ಕುಬಿಹಾಳಕ್ಕೆ ಹೋದೆ. ಕಸ್ತೂರಿಗೆ ಹಿಗ್ಗೋ ಹಿಗ್ಗು. ವಾರದೊಳಗೆ ಅಣ್ಣ ಮತ್ತೆ ನೋಡಲು ಬಂದನೆಂದು ಓಣಿಗೆಲ್ಲ ಹೇಳಿ, ಗೋದಿ ಹುಗ್ಗಿ ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡು ಮೆಲ್ಲಗೆ ಮಾತು ತೆಗೆದೆ.

"ಮೊನ್ನೆ ಕೊಟ್ಟ ಖಣ ಹೊಲಿಯಾಕ ಹಾಕಿದೇನವಾ?"

"ಹಸರದ ಹಾಕೀನಣ್ಣಾ."

"ಮತ್ತ ಬದನಿಕಾಯಿ ಬಣ್ಣದ್ದು?"

ಅವಳ ಕೈಯಲ್ಲಿನ ಸೌಟು ನಿಂತಿತು. ಬಾಜು ಮನೆಯವರ ಮಗಳನ್ನು ದುಮ್ಮವಾಡಕ್ಕೆ ಕೊಟ್ಟಿದ್ದಾರೆ. ಅವಳು ಬಸುರಿ. ಮೊನ್ನೆ ಅವಳ ಕುಬಸದ, ಅಂದರೆ ಸೀಮಂತದ, ಕಾರ್ಯಕ್ಕೆ ಕಸ್ತೂರಿಯೂ ಅಲ್ಲಿಗೆ ಹೋಗಿ, ಆ ಖಣವನ್ನೇ ಕೊಟ್ಟು ಬಂದಿದ್ದಳು. ಹೇಳುತ್ತ ಹೇಳುತ್ತ ಕಣ್ಣು ತುಂಬಿಕೊಂಡಳು.

"ಕೊಟ್ಟ ಖಣದ ಲೆಕ್ಕ ಕೇಳಾಕ ಬಸ್ ಹತ್ತಿ ಬಂದಿಯೇನಣ್ಣಾ? ಅತ್ತಿಗಿ ಕಳಿಸ್ಯಾಳೇನು?"

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳನ್ನು ಸಮಾಧಾನ ಮಾಡಲು ಮೂರನೆಯ ಸಲ ಹುಗ್ಗಿ ಹಾಕಿಸಿಕೊಳ್ಳಬೇಕಾಯಿತು. ಸಂಜೆ ಹೊಟ್ಟೆ ಹಿಡಿದುಕೊಂಡು ಮನೆ ಸೇರಿದಾಗ ಗಿರಿಜಾ ಏನೋ ನಗುತ್ತ ಹೇಳುತ್ತಿದ್ದಳು. ಇವತ್ತು ಭಜನೆಯ ಹೆಂಗಸರ ಜೊತೆ ಎಲ್ಲಿಗೋ ಹೋಗಿದ್ದಳಂತೆ, ಅಲ್ಲಿ ಏನೋ ಮಜಾ ಆಯಿತಂತೆ. ನಾನು ಮೊಬೈಲಿನಲ್ಲಿ ಗುಂಪಿನವರ "ಭಾನುವಾರಕ್ಕೆ ಕಾಯುತ್ತಿದ್ದೇವೆ" ಎಂಬ ಸಾಲುಗಳನ್ನು ಓದುತ್ತ, ಹೂಂ, ಹೂಂ ಅಂದೆ.

ಶುಕ್ರವಾರ ಪಕ್ಕದ ಅಂಗಡಿಯವನ ಸ್ಕೂಟರ್ ಕೇಳಿಕೊಂಡು ದುಮ್ಮವಾಡಕ್ಕೆ ಹೋದೆ. ಬಸುರಿಯ ಅತ್ತೆ ನೀಲವ್ವ ನನ್ನ ಗಿರಣಿಗೆ ಬರುವವರೇ. ಬಾಗಿಲಲ್ಲೇ "ಬರ್ರಿ ಗಿರಣಿಯವರ, ಏನ ಅಪರೂಪ?" ಅಂದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಸುಳ್ಳನ್ನು ಅತ್ಯಂತ ಗಂಭೀರವಾಗಿ ಒಪ್ಪಿಸಿದೆ.

"ಏನಿಲ್ಲರಿ ನೀಲವ್ವಾರ, ನಾ ಈಗ ಹಳೇ ನೋಟಿನಂಗ ಖಣದ ಅಭ್ಯಾಸನೂ ಮಾಡಾಕ ಹತ್ತೀನಿ. ಕುಬಸದಾಗ ಬಂದದ್ದು ಒಂದ ಸಲ ನೋಡೂಣು ಅಂತ ಬಂದೆ."

ನೀಲವ್ವ ಒಂದು ಗಂಟು ತಂದು ಬಿಚ್ಚಿದರು. ಒಳಗಿನಿಂದ ನಾಲ್ಕು ಹೆಂಗಸರು ಬಂದು ಬಾಗಿಲಿಗೆ ಒರಗಿ ನಿಂತರು. ಐವತ್ತು ದಾಟಿದ ಗಂಡಸು ನೆಲದ ಮೇಲೆ ಕುಳಿತು ಒಂದೊಂದೇ ಕುಬಸದ ಬಟ್ಟೆಯನ್ನು ಒತ್ತಿ ಒತ್ತಿ ನೋಡುವುದನ್ನು ಅವರು ಈ ಮೊದಲು ಕಂಡಿರಲಾರರು. ಹಳದಿ, ನೀಲಿ, ಗಿಳಿ ಹಸಿರು ಎಲ್ಲ ಇದ್ದವು.

"ಬದನಿಕಾಯಿ ಬಣ್ಣದ್ದು ಇರಲಿಲ್ಲೇನ್ರಿ?"

"ಇತ್ತರಿ. ಅದನ್ನ ನಿನ್ನೆ ನಿಮ್ಮ ಮನಿಯವರ ಉಡಿಯಾಗ ಹಾಕೀನಿ. ಭಜನಿಗೆ ಬಂದಿದ್ರು." ನೀಲವ್ವ ಗಂಟು ಕಟ್ಟುತ್ತ ಹೆಂಗಸರ ಕಡೆ ತಿರುಗಿದರು. "ಹೆಂಡ್ತಿಗೆ ಎಂಥಾ ಖಣ ಕೊಟ್ಟಾರ ಅಂತ ಪರೀಕ್ಷಾ ಮಾಡಾಕ ಬಂದ ಗಂಡಸನ್ನ ಇವತ್ತ ನೋಡಿದೆ ನೋಡ್ರಬೇ."

ನಾನು ಚಹಾ ಕೂಡ ಕುಡಿಯದೆ ಸ್ಕೂಟರ್ ಹತ್ತಿದೆ. ನಾನು ಮನೆ ತಲುಪುವ ಮೊದಲೇ ಈ ಸುದ್ದಿ ಫೋನಿನಲ್ಲಿ ಕಲಘಟಗಿ ತಲುಪಿತ್ತು. ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು. ನನಗೆ ಎಲ್ಲವನ್ನೂ ಒಪ್ಪಿಕೊಳ್ಳದೆ ಗತಿ ಇರಲಿಲ್ಲ. ಅವಳು ಕೇಳಿ ಮುಗಿಸಿ, ಟ್ರಂಕಿನ ತೀರಾ ಕೆಳಗಿನಿಂದ ಬದನೆಕಾಯಿ ಬಣ್ಣದ ಖಣ ಎಳೆದು ಕೊಟ್ಟಳು. ಅದು ನಿನ್ನೆ ಸಂಜೆಯಿಂದ ಅಲ್ಲೇ ಇತ್ತು.

"ನನ್ನ ಖಣ ನನಗ ಬಂತು ಅಂತ ನಿನ್ನೆ ನಕ್ಕೋತ ಹೇಳಿದ್ನಲ್ಲ? ಹೂಂ ಅಂದ್ರಿ."

ಅಲ್ಲೇ ನೆಲದ ಮೇಲೆ ಕುಳಿತು ಬಿಚ್ಚಿದೆ. ನೋಟು ಇತ್ತು! ಆದರೆ ಯಾವ ಮನೆಯಲ್ಲೋ ರಟ್ಟು ಬಿದ್ದುಹೋಗಿ, ಖಣದ ಜೊತೆ ನೋಟೂ ಮಡಚಿಕೊಂಡಿತ್ತು. ಹಕ್ಕಿಯ ಕುತ್ತಿಗೆಯ ಮೇಲೆ ಒಂದು ಮಡಿಕೆ. ಬರೀ ಒಂದು. ಗೋಡೆಯ ಮೇಲಿನ ಸೀಮೆಸುಣ್ಣದ ಸಾಲು ಕಣ್ಣ ಮುಂದೆ ಬಂತು. ಮಡಿಕೆ ಬಿದ್ದರೆ ಬರೀ ದುಡ್ಡು.

ಭಾನುವಾರ ಸಭೆಗೆ ಒಂದು ತಾಸು ಇದ್ದಾಗ ನಾನು ಇಸ್ತ್ರಿ ಪೆಟ್ಟಿಗೆ ಕಾಯಲು ಇಟ್ಟೆ.

ಗಿರಿಜಾ ಅಡುಗೆಮನೆಯಿಂದ ಇಣುಕಿದಳು. "ಅದು ಪ್ಲಾಸ್ಟಿಕ್ ಅಂದಿದ್ರಿ?"

"ನಿನ್ನ ಬುಟ್ಟಿ ಬಕೀಟಿನ ಪ್ಲಾಸ್ಟಿಕ್ ಅಲ್ಲ ಇದು. ಮುಂದಿನ ಕಾಲದ್ದು."

ಮೇಲೊಂದು ಕರವಸ್ತ್ರ ಹಾಸಿ ಒಂದೇ ಸಲ ಇಸ್ತ್ರಿ ಎಳೆದೆ. ಕರವಸ್ತ್ರ ತೆಗೆದೆ. ನೋಟು ಕಾಣಲಿಲ್ಲ. ಕೆಳಗೆ ಬಿತ್ತೇನೋ ಎಂದು ಬಗ್ಗಿ ಹುಡುಕಿದೆ. ಎದ್ದು ನೋಡಿದರೆ ಕರವಸ್ತ್ರದ ಹಿಂಬದಿಗೆ ಅಂಟಿಕೊಂಡಿತ್ತು. ಬಸ್ಸಿನ ಟಿಕೆಟ್ಟಿಗಿಂತ ಸಣ್ಣದು, ಅಂಚು ಮುದುಡಿ ಹಪ್ಪಳದಂತಾಗಿತ್ತು. ಹಕ್ಕಿ ಗುಬ್ಬಿಮರಿಯಷ್ಟಾಗಿತ್ತು. ಮಡಿಕೆ ಮಾತ್ರ ಪೂರ್ತಿ ಹೋಗಿತ್ತು. ಇಪ್ಪತ್ತೆರಡು ವರ್ಷ, ನಲವತ್ತೊಂದು ದೇಶ, ಎಲ್ಲ ಸೇರಿ ನನ್ನ ಅಂಗೈಯಲ್ಲಿ ಎರಡು ಬೆರಳಿನಷ್ಟಾಗಿ ಕುಳಿತಿತ್ತು.

ಸಭೆ ಶುರುವಾಯಿತು. ನನಗಿಂತ ಮೊದಲು ಮಾತಾಡಿದವರು ಹುಬ್ಬಳ್ಳಿಯವರು. ಅವರ ಕೈಯಲ್ಲಿ ನನ್ನ ಆಲ್ಬಮ್! ಪುಟ ತಿರುವಿ ತಿರುವಿ ತೋರಿಸಿದರು. ಹೊಳೆಯುವ ನೋಟನ್ನು ಯಾರು ಬೇಕಾದರೂ ಕೊಳ್ಳಬಹುದು, ಮುಂದಿನ ಕಾಲ ಕಥೆಯಿರುವ ನೋಟಿನದು, ಯಾರು ತಂದರು, ಎಷ್ಟು ಕೈ ದಾಟಿತು ಎಂಬುದಕ್ಕೇ ಬೆಲೆ ಎಂದರು. "ಇದರಾಗ ಇನ್ನೂ ಜ್ವಾಳದ ಹಿಟ್ಟಿನ ವಾಸನಿ ಐತ್ರಿ" ಎಂದಾಗ ಎಲ್ಲರೂ ತಲೆದೂಗಿದರು. ಗೋಡೆಯ ಮೇಲಿನ ಸಾಲು ಬರೆದ ಹಿರಿಯರೂ ತಲೆದೂಗಿದರು.

ಆಮೇಲೆ ನನ್ನ ಸರದಿ. ನೋಟನ್ನು ಎರಡು ಬೆರಳಲ್ಲಿ ಹಿಡಿದು ಮೊಬೈಲಿನ ಮುಂದೆ ಎತ್ತಿದೆ.

"ಸ್ವಲ್ಪ ಹತ್ತಿರ ಹಿಡೀರಿ, ಭಾಳ ದೂರ ಕಾಣತೈತಿ" ಎಂದರು ಹಿರಿಯರು.

"ಇದು ಹತ್ತಿರನ ಐತ್ರಿ."

ಅಷ್ಟರಲ್ಲಿ, ಸಭೆಗೆಲ್ಲ ಕೇಳುತ್ತಿದೆ ಎಂದು ತಿಳಿಯದ ಗಿರಿಜಾಳ ಧ್ವನಿ ಹಿಂದಿನಿಂದ ಬಂತು.

"ಮೂರ ಊರ ತಿರುಗಿ ಬಂದ ಖಣ ಒಂದ ಬೆರಳೂ ಸಣ್ಣ ಆಗಿಲ್ಲ. ನಿಮ್ಮ ಕೈಯಾಗ ಒಂದ ಗಳಿಗಿ ಇದ್ದದ್ದ ನೋಡ್ರಿ ಏನಾತು ಅಂತ."

ಹಿರಿಯರು ಕೆಮ್ಮಿದರು. "ಯಾವ ಖಣರಿ ತಾಯಿ? ಒಂದ ಸಲ ತೋರಸ್ರಿ."

ನನ್ನ ಉಳಿದ ಒಂಬತ್ತು ನಿಮಿಷಗಳನ್ನು ಗಿರಿಜಾ ತೆಗೆದುಕೊಂಡಳು. ಬದನೆಕಾಯಿ ಬಣ್ಣದ ಖಣ ಹರಡಿ ಹಿಡಿದು, ಅದು ಯಾರ ಉಡಿಯಿಂದ ಯಾರ ಉಡಿಗೆ ಹೋಯಿತು, ಯಾವ ಮೂಲೆಯ ಅರಿಶಿನ ಯಾವ ಮನೆಯದು, ಎಲ್ಲ ಹೇಳಿದಳು. ಹುಬ್ಬಳ್ಳಿಯವರು ಎರಡು ಸಲ ಚಪ್ಪಾಳೆ ತಟ್ಟಿದರು.

ಈಗ ಗುಂಪಿನಲ್ಲಿ ಅವಳೂ ಇದ್ದಾಳೆ. ವಾರಕ್ಕೊಂದು ಖಣದ ಕಥೆ ಹಾಕುತ್ತಾಳೆ, ಎಲ್ಲರೂ ಕಾದು ಓದುತ್ತಾರೆ. ನನ್ನನ್ನೂ ಅವರು ಪೂರ್ತಿ ಮರೆತಿಲ್ಲ. ಇಸ್ತ್ರಿಯ ವಿಷಯ ಬಂದಾಗ ನನ್ನ ಅಭಿಪ್ರಾಯವನ್ನೇ ಕೇಳುತ್ತಾರೆ.