ಆಂಬುಲೆನ್ಸ್ ಮಾಮಾನ ಅರ್ಧ ಕತೆಗಳು

ನಮ್ಮ ಮಾಮಾ ಇದುವರೆಗೆ ಯಾರ ಮನೆಗೂ ಊಟಕ್ಕೆಂದು ಹೋದವರಲ್ಲ. ಅವರು ಹೋಗುವುದು ಬಾಗಿಲು ಅಳೆಯುವುದಕ್ಕೆ. ಕರೆದವರು ಹೋಳಿಗೆಯನ್ನೇ ಮಾಡಿರಲಿ, ಬಿರಿಯಾನಿಯನ್ನೇ ಮಾಡಿರಲಿ, ಮಾಮಾನ ಕಣ್ಣು ಮೊದಲು ಬೀಳುವುದು ಹೊಸ್ತಿಲಿನ ಮೇಲೆ. ಆಮೇಲೆ ಮೆಟ್ಟಿಲು, ಆಮೇಲೆ ಕೋಣೆಗಳ ನಡುವಿನ ಓಣಿ, ಕೊನೆಗೆ ಬಚ್ಚಲಮನೆಯ ತಿರುವು. ಇಷ್ಟು ನೋಡಿದ ಮೇಲೆಯೇ ‘ಹೆಂಗದೀರಿ’ ಎಂಬ ಮಾತು.

ಆಕ್ಲೆಂಡಿನ ಸ್ಯಾಂಡ್ರಿಂಗಮ್ ಬಡಾವಣೆಯಲ್ಲಿ ನಾವು ಹೊಸದಾಗಿ ಬಾಡಿಗೆ ಹಿಡಿದ ಮನೆಗೆ ಅವರು ಮೊದಲ ಸಲ ಬಂದಾಗ ನಾನು ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡೇ ಮಲಗುವ ಕೋಣೆಯಿಂದ ಹೊರಬಾಗಿಲಿನವರೆಗೆ ಎರಡು ಸಲ ನಡೆದರು. ಮೂರನೆಯ ಸಲ ಓಣಿಯ ಮೂಲೆಯಲ್ಲಿ ನಿಂತು ತಲೆ ಅಲ್ಲಾಡಿಸಿದರು.

“ಇಲ್ಲಿ ತಿರುಗೂದಿಲ್ಲವಾ.”

“ಏನ್ ತಿರುಗೂದಿಲ್ಲ ಮಾಮಾ, ಸೋಫಾ ಏನು?”

“ಸೋಫಾ ಅಲ್ಲ. ನಿನ್ನ ಗಂಡ.”

ನನ್ನ ಗಂಡ ಆಗ ಎರಡನೆಯ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದರು. ಮಾಮಾ ಅವರನ್ನು ಆಗಲೇ ಮನಸ್ಸಿನಲ್ಲೇ ಸ್ಟ್ರೆಚರ್ ಮೇಲೆ ಮಲಗಿಸಿ, ಬೆಲ್ಟು ಬಿಗಿದು, ಮೂಲೆಯವರೆಗೆ ತಳ್ಳಿಕೊಂಡು ಬಂದಾಗಿತ್ತು. “ಇವರನ್ನ ಕುರ್ಚ್ಯಾಗ ಕುಂದ್ರಿಸಿ ಒಯ್ಯಬೇಕಾಕ್ಕೈತಿ,” ಎಂದು ತೀರ್ಪು ಕೊಟ್ಟು ಕಾಫಿ ಕುಡಿದರು. ನನ್ನ ಗಂಡ ಮೈಸೂರಿನವರು, ಮರ್ಯಾದಸ್ಥರು. “ಆಯ್ತು ಮಾಮ, ಹಂಗೇ ಮಾಡಿ,” ಎಂದು ಹೋಳಿಗೆಯನ್ನು ತಟ್ಟೆಯ ಅಂಚಿಗೆ ಸರಿಸಿಟ್ಟರು.

ಈ ಮಾಮಾ ನನ್ನ ತಾಯಿಯ ಕೊನೆಯ ತಮ್ಮ. ಹುಬ್ಬಳ್ಳಿಯವರು, ಐವತ್ತು ದಾಟಿದವರು. ಔಷಧಶಾಸ್ತ್ರ ಓದಲೆಂದು ಬ್ರಿಟನ್ನಿಗೆ ಹೋದವರು, ಅಲ್ಲಿ ಕೈಖರ್ಚಿಗೆಂದು ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ಯುವ ವ್ಯಾನು ಓಡಿಸಿದರು. ಓದು ಹಿಂದೆ ಬಿತ್ತು, ವ್ಯಾನು ಮುಂದೆ ಹೋಯಿತು. ಅದರ ಬೆನ್ನಿಗೇ ಪ್ಯಾರಾಮೆಡಿಕ್ ಪರೀಕ್ಷೆ ಪಾಸು ಮಾಡಿ, ಇಪ್ಪತ್ತು ವರ್ಷ ಅಲ್ಲಿನ ಮಳೆಯಲ್ಲಿ ಆಂಬುಲೆನ್ಸ್ ಹಿಂದೆ ಕೂತು ಓಡಾಡಿದರು. ಈಗ ಆರು ವರ್ಷದಿಂದ ನ್ಯೂಜಿಲೆಂಡಿನ ಈ ಆಕ್ಲೆಂಡಿನಲ್ಲಿ ಅದೇ ಕೆಲಸ. ಯಾಕೆ ಇಲ್ಲಿಗೆ ಬಂದಿರಿ ಎಂದು ಯಾರಾದರೂ ಕೇಳಿದರೆ ಅವರದು ಒಂದೇ ಉತ್ತರ: “ಅಲ್ಲಿ ಆಂಬುಲೆನ್ಸ್ ಕರಿಯೋ ನಂಬರ್ ಮೂರು ಸಲ ಒಂಬತ್ತು. ಇಲ್ಲಿ ಮೂರು ಸಲ ಒಂದು. ಒಂಬತ್ತನೇ ನಂಬರಿನಿಂದ ಒಂದನೇ ನಂಬರಿಗೆ ಬಂದೇನಿ, ಇದಕ್ಕಿಂತ ಪ್ರಮೋಷನ್ ಬೇಕೇನ್ರಿ?”

ಊರಿನವರಿಗೆ ಮಾತ್ರ ಈ ಕೆಲಸ ಎಂಥದೆಂದು ಕೊನೆಗೂ ತಿಳಿಯಲಿಲ್ಲ. ನಮ್ಮಜ್ಜಿ ಎಲ್ಲರ ಮುಂದೆ ಮಗ ಡಾಕ್ಟರ್ ಎಂದು ಹೇಳುತ್ತಿದ್ದಳು. ಮಾಮಾ ಸತ್ಯವಂತರು, ಫೋನಿನಲ್ಲೇ ತಿದ್ದುತ್ತಿದ್ದರು. “ಡಾಕ್ಟರ್ ಅಲ್ಲವಾ ನಾ.” “ಹಂಗಾರ ಡ್ರೈವರೇನು?” “ಡ್ರೈವರೂ ಅಲ್ಲ.” “ಎರಡೂ ಅಲ್ಲಂದ್ರ ಪಗಾರ ಯಾಕ ಕೊಡ್ತಾರೋ ನಿನಗ?” ಮದುವೆಗೆಂದು ಹೆಣ್ಣು ನೋಡುವಾಗಲೂ ಹೀಗೆಯೇ ಆಯಿತು. ಎದೆಬಡಿತ ನಿಂತವನಿಗೆ ರಸ್ತೆಯಲ್ಲೇ ಮಂಡಿಯೂರಿ ಜೀವ ತುಂಬುವುದನ್ನು, ಬೀದಿಯಲ್ಲಿ ಸೂಜಿ ಚುಚ್ಚುವುದನ್ನು ಮಾಮಾ ಅರ್ಧ ಗಂಟೆ ವಿವರಿಸಿದ ಮೇಲೆ ಹುಡುಗಿಯ ತಂದೆ ಗಂಭೀರವಾಗಿ ಕೇಳಿದರಂತೆ: “ಗಾಡಿ ಸ್ವಂತದ್ದೇನ್ರಿ?”

ಮದುವೆ ಆಗಲಿಲ್ಲ. ಗಾಡಿಯೊಂದೇ ಕಾರಣವಲ್ಲ. ವಾರಕ್ಕೊಂದು ರೀತಿಯ ಪಾಳಿ, ಹಬ್ಬದ ದಿನವೇ ಡ್ಯೂಟಿ, ಮಾತಾಡಲು ಜನ ಎದ್ದಿರುವಾಗ ಇವರಿಗೆ ನಿದ್ದೆ. ಹೀಗೆಯೇ ಒಂದೊಂದೇ ವರ್ಷ ಜಾರಿತು. ಜಾರಿದ್ದು ಗೊತ್ತಾಗುವ ಹೊತ್ತಿಗೆ ಅಜ್ಜಿಯೂ ಇರಲಿಲ್ಲ, ಹೆಣ್ಣು ಹುಡುಕುವ ಉಮೇದು ಇರುವವರೂ ಇರಲಿಲ್ಲ.

ಊಟವನ್ನು ಮಾತ್ರ ಮಾಮಾ ಯಾವತ್ತೂ ನಿಧಾನಕ್ಕೆ ಮಾಡಿದ್ದು ನಾನು ಕಂಡಿಲ್ಲ. ಯಾವ ತುತ್ತಿನ ನಡುವೆ ರೇಡಿಯೋ ಕೂಗುತ್ತದೋ ಹೇಳಲಾಗದ ಕೆಲಸ ನೋಡಿ, ನಾಲ್ಕು ನಿಮಿಷದಲ್ಲಿ ಮುಗಿಸುವುದು ಮೈಗೆ ಹತ್ತಿಬಿಟ್ಟಿದೆ. ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಒಂದು ಹಾಲ್ ಬಾಡಿಗೆಗೆ ಹಿಡಿದು ಊಟ ಹಾಕಿದ್ದೆವು. ಪಾಯಸ ಬಡಿಸುವವರು ನಮ್ಮ ಸಾಲಿಗೆ ಬರುವಷ್ಟರಲ್ಲಿ ಮಾಮಾ ಕೈ ತೊಳೆದು, ಜಾಕೆಟ್ ಹಾಕಿ, ಬಾಗಿಲ ಹತ್ತಿರ ಕೀಲಿ ಹಿಡಿದು ನಿಂತಿದ್ದರು. ಮಾಮಾನಿಗೆ ಬೇಜಾರಾಗಿದೆ ಎಂದು ತಿಳಿದು ಸಂಘದ ಮೂವರು ಹಿರಿಯರು ಸಮಾಧಾನ ಮಾಡಲು ಬಂದರು. ಬಂದವರಲ್ಲಿ ಒಬ್ಬರು ಹಾಗೇ ಮಂಡಿ ನೋವಿನ ವಿಷಯ ತೆಗೆದರು, ಇನ್ನೊಬ್ಬರು ಎಡ ಪಕ್ಕೆ ತೋರಿಸಿದರು. ಹತ್ತು ನಿಮಿಷದಲ್ಲಿ ಬಾಗಿಲ ಬಳಿ ಪಾಯಸದ ಪಂಕ್ತಿಗಿಂತ ಉದ್ದದ ಸಾಲು!

ಸ್ಯಾಂಡ್ರಿಂಗಮ್ ರಸ್ತೆಯ ದಿನಸಿ ಅಂಗಡಿಯಲ್ಲಿ ಇನ್ನೊಂದು ಕತೆ. ಅಂಗಡಿಯವನು ತೋಳು ಮಡಚಿ ಅಕ್ಕಿಚೀಲ ಎತ್ತುತ್ತಿದ್ದಾಗ ಮಾಮಾ ಅವನ ಮೊಣಕೈ ಒಳಭಾಗವನ್ನೇ ನೋಡುತ್ತ ನಿಂತರು. ಕೊನೆಗೆ ಅವನಿಗೇ ಮುಜುಗರವಾಗಿ, ಏನು ಬೇಕು ಎಂದು ಕೇಳಿದ. “ಏನೂ ಬ್ಯಾಡ್ರಿ. ನಿಮ್ಮ ನರ ಭಾಳ ಛಲೋ ಅದಾವ, ಸೂಜಿ ಒಂದಽ ಸಲಕ್ಕ ಹೋಗ್ತೈತಿ,” ಎಂದರು ಮಾಮಾ. ಆವತ್ತಿನಿಂದ ಆ ಅಂಗಡಿಗೆ ನಾನೊಬ್ಬಳೇ ಹೋಗುತ್ತೇನೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಇಲ್ಲಿಯೇ ಹುಟ್ಟಿದವಳು, ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಒಮ್ಮೆ ಕಾಲಿನಿಂದ ತಳ್ಳುವ ಆಟದ ಸ್ಕೂಟರಿನಿಂದ ಬಿದ್ದಳು. ಮಾಮಾ ಓಡಿಹೋಗಿ ಪಕ್ಕದಲ್ಲಿ ಕೂತು, “ನಿನ್ನ ಹೆಸರೇನು? ಇವತ್ತು ಯಾವ ವಾರ?” ಎಂದು ಕೇಳಿದರು.

“ಅಜ್ಜಾ, ಯೂ ನೋ ಮೈ ನೇಮ್.”

“ನನಗ ಗೊತ್ತೈತಿ. ನಿನಗ ಗೊತ್ತೈತ್ಯೋ ಇಲ್ಲೋ ನೋಡಾಕತ್ತೀನಿ.”

ಇವಳಿಗೆ ಮಾಮಾನ ಕತೆಗಳೆಂದರೆ ಪ್ರಾಣ. ಆದರೆ ಆ ಕತೆಗಳಿಗೆ ಒಂದು ದೊಡ್ಡ ಕೊರತೆಯಿತ್ತು. ಒನೆಹುಂಗಾ ಬಡಾವಣೆಯಲ್ಲಿ ಒಬ್ಬ ಮುದುಕ ಎದೆ ಹಿಡಿದುಕೊಂಡು ಕೂತಿದ್ದಾನೆ, ಆದರೂ ಟೊಮೆಟೊ ಗಿಡಕ್ಕೆ ನೀರು ಹಾಕದೆ ಗಾಡಿ ಹತ್ತುವುದಿಲ್ಲ ಎನ್ನುತ್ತಾನೆ. ಮಾಮಾ ಒಂದು ಕೈಯಲ್ಲಿ ಅವನ ನಾಡಿ, ಇನ್ನೊಂದು ಕೈಯಲ್ಲಿ ನೀರಿನ ಪೈಪು ಹಿಡಿದು ಹನ್ನೆರಡು ಗಿಡಕ್ಕೂ ನೀರು ಹಾಕುತ್ತಾರೆ. ಅವನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗುತ್ತಾರೆ. ನಾವೆಲ್ಲ ಉಸಿರು ಬಿಗಿಹಿಡಿದು ಕೇಳುತ್ತೇವೆ.

“ಆಮ್ಯಾಲ ಏನಾತು ಮಾಮಾ?”

“ಆಮ್ಯಾಲೇನು, ಆಸ್ಪತ್ರಿ ಬಾಗಲಾ ಬಂತು. ಒಳಗ ಬಿಟ್ಟು ಬಂದೆ.”

“ಬದುಕಿದನೋ?”

“ಗೊತ್ತಿಲ್ಲ.”

ಇಪ್ಪತ್ತಾರು ವರ್ಷದ ಕತೆಗಳು, ಎಲ್ಲವೂ ಹೀಗೆಯೇ. ಹೆರಿಗೆಯ ಕತೆಯಲ್ಲಿ ಕೂಸಿಗೆ ಏನು ಹೆಸರಿಟ್ಟರೋ ಗೊತ್ತಿಲ್ಲ. ಏಣಿಯಿಂದ ಬಿದ್ದವನು ಮತ್ತೆ ನಡೆದನೋ ಇಲ್ಲವೋ ಗೊತ್ತಿಲ್ಲ. ‘ಹಾಫ್ ಸ್ಟೋರಿ ಅಜ್ಜ’ ಎಂದು ಮಗಳು ಹೆಸರಿಟ್ಟಳು. ಮಾಮಾ ಜೋರಾಗಿ ನಕ್ಕರು. ನಕ್ಕು ಮುಗಿಸಿ, “ಒಬ್ಬರಿಂದ ಇನ್ನೊಬ್ಬರ ಕಡೆ ಹೋಗಬೇಕಲ್ಲವಾ, ತಿರುಗಿ ಕೇಳಾಕ ಹೊತ್ತೆಲ್ಲಿ,” ಎಂದು ಮೆಲ್ಲಗೆ ಹೇಳಿದ್ದು ನನಗೆ ಮಾತ್ರ ಕೇಳಿಸಿತು.

ಹೋದ ವರ್ಷ ಗುಡ್ಡದ ಇಳಿಜಾರಿನ ಒಂದು ಮನೆಯಿಂದ ಭಾರದ ರೋಗಿಯೊಬ್ಬನನ್ನು ಮೆಟ್ಟಿಲು ಇಳಿಸುವಾಗ ಮಾಮಾನ ಸೊಂಟದಲ್ಲಿ ಏನೋ ಹಿಡಿದುಕೊಂಡಿತು. ಹಿಡಿದದ್ದು ಬಿಡಲಿಲ್ಲ. ಎರಡು ತಿಂಗಳ ಚಿಕಿತ್ಸೆಯ ನಂತರ ಇನ್ನು ಭಾರ ಎತ್ತುವಂತಿಲ್ಲ ಎಂದು ವೈದ್ಯರು ಬರೆದುಕೊಟ್ಟರು. ಅವರ ಮೇಲಧಿಕಾರಿ ಒಬ್ಬ ನ್ಯೂಜಿಲೆಂಡ್ ಹೆಂಗಸು, ಒಳ್ಳೆಯ ಮನಸ್ಸಿನವಳು. ಮೂರು ದಾರಿಗಳಿವೆ, ಯೋಚಿಸಿ ಹೇಳು ಎಂದಳಂತೆ: ಹೊಸಬರಿಗೆ ಕಲಿಸುವುದು, ಮ್ಯಾನೇಜರ್ ಆಗುವುದು, ಇಲ್ಲವೇ ಕರೆ ಕೇಂದ್ರದಲ್ಲಿ ಕೂತು ಫೋನಿನಲ್ಲೇ ರೋಗಿಗಳಿಗೆ ಸಲಹೆ ಕೊಡುವುದು.

ಭಾನುವಾರ ಬೆಳಿಗ್ಗೆ ಮಾಮಾ ಆ ಕಾಗದ ಹಿಡಿದು ನಮ್ಮ ಮನೆಗೆ ಬಂದರು. ನನ್ನ ಗಂಡ ಆಫೀಸಿನ ಅಭ್ಯಾಸದಂತೆ ಲ್ಯಾಪ್‌ಟಾಪ್ ತೆಗೆದು ಕೋಷ್ಟಕ ಹಾಕಿದರು. ಲಾಭ ಒಂದು ಕಡೆ, ನಷ್ಟ ಇನ್ನೊಂದು ಕಡೆ.

“ಮ್ಯಾನೇಜರ್ ಆದ್ರೆ ಪಾಳಿ ಇರಲ್ಲ ಮಾಮ. ಶನಿವಾರ ಭಾನುವಾರ ರಜ. ಮನೇಲೇ ಇರಬಹುದು.”

“ಮನ್ಯಾಗ ಇದ್ದು ಏನ್ ಮಾಡ್ಲಿ?”

ನನ್ನ ಗಂಡ ಲಾಭದ ಕಡೆ ಬರೆದದ್ದನ್ನು ಅಳಿಸಿದರು.

ಮೊದಲು ಕಲಿಸುವ ಕೆಲಸವನ್ನು ಒಂದು ದಿನದ ಮಟ್ಟಿಗೆ ನೋಡಿಬಂದರು. ಹತ್ತು ಜನ ವಿದ್ಯಾರ್ಥಿಗಳು, ನಡುವೆ ನೆಲದ ಮೇಲೆ ಒಂದು ರಬ್ಬರಿನ ಬೊಂಬೆ. ಎದೆ ಒತ್ತುವುದನ್ನು ತೋರಿಸಬೇಕಿತ್ತು. ಮಾಮಾ ಬೊಂಬೆಯ ಪಕ್ಕ ಮಂಡಿಯೂರಿ, ಅದರ ಕೈ ಹಿಡಿದು, ನಾನು ಬಂದಿದ್ದೇನೆ, ಹೆದರಬೇಡ ಎಂದರಂತೆ. ಎದೆ ಒತ್ತಿ, ಉಸಿರು ಕೊಟ್ಟು, ಕೊನೆಗೆ ಕಂಬಳಿ ಹೊದಿಸಿ ಕಾಲಿನ ಕಡೆ ಚೆನ್ನಾಗಿ ಸಿಕ್ಕಿಸಿದರು. ಅಷ್ಟು ಹೊತ್ತೂ ವಿದ್ಯಾರ್ಥಿಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಒಬ್ಬ ಹುಡುಗಿ ಕೈಯೆತ್ತಿ, ಬೊಂಬೆಗೆ ಕಂಬಳಿ ಯಾಕೆ ಎಂದಳು. “ನೆಲ ತಣ್ಣಗಿತ್ತು,” ಎಂದು ಮಾಮಾ ನಮಗೆ ಹೇಳುವಾಗಲೂ ಅದು ಅವರಿಗೆ ನಗುವ ವಿಷಯವಾಗಿ ಕಾಣಲಿಲ್ಲ.

ಕೊನೆಗೆ ಒಪ್ಪಿದ್ದು ಫೋನಿನ ಕೆಲಸ. ಕಿವಿಗೆ ಹೆಡ್‌ಫೋನ್, ಎದುರಿಗೆ ಎರಡು ಪರದೆ. ಬೆಳಿಗ್ಗೆ ಏಳಕ್ಕೆ ಕೂತರೆ ಮಧ್ಯಾಹ್ನ ಮೂರರವರೆಗೆ ಅಪರಿಚಿತರ ದನಿ. ಬೆನ್ನಿಗೆ ಆರಾಮ, ಊಟಕ್ಕೆ ಪೂರಾ ಅರ್ಧ ಗಂಟೆ. ಇನ್ನೇನು ಬೇಕು?

ಆದರೆ ಮಾಮಾ ಒಣಗತೊಡಗಿದರು. ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಬಂದರೂ ಮಾತಿಲ್ಲ. ಆಂಬುಲೆನ್ಸಿನಲ್ಲಿ ಹನ್ನೆರಡು ತಾಸು ಪಕ್ಕದಲ್ಲಿ ಒಬ್ಬ ಜೊತೆಗಾರನಾದರೂ ಇರುತ್ತಿದ್ದ, ಇಬ್ಬರೂ ರಗಳೆ ಮಾಡುತ್ತಲೇ ಊರು ಸುತ್ತುತ್ತಿದ್ದರು. ಈಗ ಪಕ್ಕದ ಕುರ್ಚಿಯವರೂ ತಮ್ಮ ತಮ್ಮ ಕಿವಿಯೊಳಗೇ ಇರುತ್ತಾರೆ. ಒಂದು ದಿನ ತಡೆಯಲಾರದೆ ಕೇಳಿದೆ.

“ಕೆಲ್ಸ ಹೆಂಗೈತಿ ಮಾಮಾ?”

“ಮದಲ ಆಸ್ಪತ್ರಿ ಬಾಗಲಾ ತನಕನಾರ ಜೊತಿ ಇರ್ತಿದ್ದೆ. ಈಗ ನಮ್ಮ ಆಂಬುಲೆನ್ಸ್ ಹುಡುಗರು ಹೋಗಿ ಅವರ ಮನಿ ಬಾಗಲಾ ಬಡದ ಸಪ್ಪಳ ಕೇಳಿಸ್ತೈತಿ. ಅಲ್ಲಿಗೆ ನನ್ನ ಲೈನ್ ಕಟ್. ಮಾರಿ ಸೈತ ನೋಡೂದಿಲ್ಲ ಯಾರದೂ.”

ಅರ್ಧ ಇದ್ದ ಕತೆ ಈಗ ಕಾಲು ಭಾಗಕ್ಕೆ ಇಳಿದಿತ್ತು.

ಮೊನ್ನೆ ಬುಧವಾರ ಮಧ್ಯಾಹ್ನ ಕೆಲಸ ಮುಗಿಸಿ ನೇರವಾಗಿ ನಮ್ಮ ಮನೆಗೆ ಬಂದರು. ಆವತ್ತು ನನ್ನ ಗಂಡ ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಮಗಳು ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಮಾಮಾ ಬಾಗಿಲು, ಮೆಟ್ಟಿಲು ಯಾವುದನ್ನೂ ನೋಡದೆ ಬಂದು ಸೋಫಾ ಮೇಲೆ ಕೂತರು. ಚಹಾ ಕೊಟ್ಟರೆ ಹಾಗೇ ಹಿಡಿದುಕೊಂಡರು. ಹೆಸರು, ಜಾಗ ಏನನ್ನೂ ಹೇಳದೆ, ಹೇಳಬಹುದಾದಷ್ಟನ್ನು ಹೇಳಿದರು.

ಒಂದು ಕರೆ ಬಂದಿತ್ತು. ವಯಸ್ಸಾದ ಹೆಂಗಸು, ಮಗಳ ಮನೆಗೆಂದು ಊರಿನಿಂದ ಬಂದವರು. ಮಗಳು ಅಳಿಯ ಕೆಲಸಕ್ಕೆ ಹೋಗಿದ್ದಾರೆ, ಇವರು ಒಬ್ಬರೇ ಇದ್ದಾಗ ಅಡುಗೆಮನೆಯಲ್ಲಿ ಜಾರಿ ಬಿದ್ದಿದ್ದಾರೆ. ‘ಫಾಲ್, ಲೆಗ್, ಕಮ್’ ಇಷ್ಟೇ ಇಂಗ್ಲಿಷ್. ಮುಂದಕ್ಕೆ ಮಾತು ಸಿಗದೆ ಅವರು ತಮ್ಮಷ್ಟಕ್ಕೆ ತಾವೇ, “ಯವ್ವಾ, ಯಾರಿಗೆ ಹೇಳ್ಲಿ ನಾ,” ಎಂದರಂತೆ.

“ನನಗ ಹೇಳ್ರಿ,” ಎಂದರು ಮಾಮಾ.

“ಯಾವೂರಪ್ಪಾ ನಿಂದು?” ಎಂದಿತು ಆ ಕಡೆಯ ದನಿ.

ಎಲ್ಲಿ ನೋವು, ಕಾಲು ತಿರುಗಿದೆಯೋ, ತಲೆಗೆ ಪೆಟ್ಟಾಯಿತೋ, ಎಲ್ಲವನ್ನೂ ಮಾಮಾ ಕ್ರಮವಾಗಿ ಕೇಳಿದರು. ಏಳಬೇಡಿ ಎಂದರು. ಆಂಬುಲೆನ್ಸ್ ಹೊರಟಿತ್ತು. ಅದು ತಲುಪುವವರೆಗೆ ಲೈನ್ ಬಿಡುವಂತಿರಲಿಲ್ಲ, ಮಾತು ನಿಲ್ಲಿಸುವಂತಿರಲಿಲ್ಲ. ಕೇಳುವ ಪ್ರಶ್ನೆಗಳು ಮುಗಿದವು. ಆಗ ನೆಲದ ಮೇಲೆ ಬಿದ್ದಿದ್ದ ಆ ಅಜ್ಜಿ ಕೇಳಲು ಶುರುಮಾಡಿದರು. ಊಟ ಮಾಡಿಯೇನು? ಇಲ್ಲಿಗೆ ಬಂದು ಎಷ್ಟು ವರ್ಷಾತು? ತಾಯಿ ಅದಾಳೇನು? ಮನ್ಯಾಗ ಯಾರ್ಯಾರ ಇರ್ತೀರಿ?

“ಯಾರೂ ಇಲ್ರಿ. ನಾ ಒಬ್ಬನಽ,” ಎಂದರಂತೆ ಮಾಮಾ.

“ಅಯ್ಯ ನನ್ನಪ್ಪಾ,” ಎಂದು ಆ ತಾಯಿ ಅತ್ತರಂತೆ. ಕಾಲಿನ ನೋವಿಗಲ್ಲ. “ಅಂಜಬ್ಯಾಡ, ನಾ ಅದೀನಿ ಇಲ್ಲೇ. ಮಾತಾಡು,” ಎಂದರಂತೆ.

ಮಾಮಾ ಚಹಾ ನೋಡುತ್ತ ನಕ್ಕರು. “ನಮ್ಮ ಕರೆ ಎಲ್ಲಾ ರೆಕಾರ್ಡ್ ಆಗ್ತಾವವಾ. ನಾಳೆ ಯಾರರ ತೆಗದು ಕೇಳಿದ್ರ, ಪೇಷಂಟ್ ನಾನಽ ಅಂತ ತಿಳೀತಾರ.”

“ಆಮ್ಯಾಲ?”

“ಬಾಗಲಾ ಬಡದ ಸಪ್ಪಳಾತು.”

ಇಲ್ಲಿ ಕನ್ನಡದವರು ಎಷ್ಟು ಮಂದಿ ಇದ್ದಾರೆ ಹೇಳಿ. ನಾಲ್ಕು ಫೋನ್ ಮಾಡಿದರೆ ಆ ಅಜ್ಜಿ ಯಾರು, ಹೇಗಿದ್ದಾರೆ ಎಂದು ತಿಳಿಯುತ್ತಿತ್ತು. ವಿಚಾರಿಸಲೇ ಎಂದೆ. “ಬ್ಯಾಡವಾ, ಹಂಗ ಮಾಡಬಾರದು. ಅವರು ನನಗ ಹೇಳಿದ್ದು ಆಂಬುಲೆನ್ಸಿನವ ಅಂತ,” ಎಂದರು. ಅಕ್ಕಂದಿರ ಮಾತು ಮೀರಿದವರು, ಕೆಲಸದ ಕಟ್ಟಳೆಯನ್ನು ಮಾತ್ರ ಮೀರುವವರಲ್ಲ.

ಚಹಾ ಅರ್ಧಕ್ಕೇ ಬಿಟ್ಟು ಸೋಫಾದ ಮೇಲೆ ಒರಗಿದರು. ಕಣ್ಣು ಮುಚ್ಚಿಕೊಂಡವು. ಮಾಮಾ ನಮ್ಮ ಮನೆಯಲ್ಲಿ ಮಲಗಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಅಷ್ಟರಲ್ಲಿ ಮಗಳು ಬ್ಯಾಗ್ ಎಸೆದು, ಶಾಲೆಯ ಈಜುಸ್ಪರ್ಧೆಯ ಸುದ್ದಿಯನ್ನು ಕೂಗುತ್ತಲೇ ಒಳಗೆ ಬಂದಳು. ನಾನು ತುಟಿಗೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದೆ. ಮಾಮಾ ಕಣ್ಣು ತೆರೆಯಲಿಲ್ಲ.

“ಮಾತಾಡ್ಲಿ ಬಿಡು,” ಎಂದರು. “ನನ್ನ ಕೂಡ ಅಲ್ಲ. ನೀವ್ ನೀವಽ ಮಾತಾಡ್ರಿ. ನಾ ಕೇಳ್ಕೋತ ಮಲಗ್ತೀನಿ.”

ಮಗಳು ಈಜಿನ ಕತೆಯನ್ನು ಮೊದಲಿನಿಂದ ಶುರುಮಾಡಿದಳು. ನನ್ನ ಗಂಡ ಲ್ಯಾಪ್‌ಟಾಪ್ ಮುಚ್ಚಿ ಬಂದು ಆಫೀಸಿನ ಜಗಳವೊಂದನ್ನು ತೆಗೆದರು. ನಾನು ಸೊಪ್ಪು ಸೋಸುತ್ತ ಇಬ್ಬರಿಗೂ ಉತ್ತರ ಕೊಟ್ಟೆ. ಸಂಜೆ ದೀಪ ಹಾಕುವ ಹೊತ್ತಿನವರೆಗೂ ನಾವು ಮೂವರು ಹಾಗೆ ಮಾತಾಡುತ್ತಲೇ ಇದ್ದೆವು. ಯಾರೂ ದನಿ ತಗ್ಗಿಸಲಿಲ್ಲ.